ಒಂದು ಬುಟ್ಟಿ ಹೂಳು

೧೨ ನವೆಂಬರ್ ೨೦೨೪, ಮಂಗಳವಾರ. ಬೆಳಿಗ್ಗೆ ೭.೧೦

ಹಳಿಯಾಳ. ಹಳೇ ನರ್ಸರಿ ಪಾರ್ಕು, ಹಿಂದಿನ ಗೇಟು. ಸಮೀಕ್ಷೆಯ ಒಂಬತ್ತನೇ ದಿನ. ದಟ್ಟ ಮಂಜು. ಪೆನ್ನು ಮೂಡುತ್ತಿಲ್ಲ, ಪೆನ್ಸಿಲ್.

ಹನ್ನೊಂದು ಎಕರೆ. ಇಪ್ಪತ್ತು ವರ್ಷ ಯಾರೂ ತಿರುಗಿ ನೋಡಿರಲಿಲ್ಲ. ಈಗ ನಮ್ಮ ಭೂ ಟ್ರಸ್ಟ್ ಗುತ್ತಿಗೆಗೆ ಪಡೆದಿದೆ. ಲಂಟಾನ ಕಿತ್ತು, ಇಲ್ಲಿಯದೇ ಗಿಡ ನೆಟ್ಟು, ಊರಿಗೆ ಮತ್ತೆ ತೆರೆಯುವುದು. ಶಾಂತಾದೇವಿ ಕಾರ್ಯದರ್ಶಿ. ಅಂಬಿಕಾನಗರದ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ನಮ್ಮಿಬ್ಬರದೂ ಒಂದೇ ಸ್ಟಾಫ್ ರೂಮು. ನಿವೃತ್ತಿಯ ಮೇಲೆ ನನ್ನನ್ನು ಇದಕ್ಕೆ ಎಳೆದವಳೂ ಅವಳೇ. ಯಾರು ಬರುತ್ತಾರೆ, ಏನು ಒಯ್ಯುತ್ತಾರೆ — ಬರೆಯುವುದು ನನ್ನ ಕೆಲಸ.

ಇವತ್ತು ಏಳು ಮಂದಿ. ಎಲ್ಲರೂ ಸಿದ್ದಿ ಹೆಂಗಸರು. ಪತ್ರಾವಳಿಗೆ ಮುತ್ತುಗದ ಎಲೆ. ಹೊರೆ ಕಟ್ಟುವ ಮುನ್ನ ಪ್ರತಿಯೊಬ್ಬಳೂ ಪಾರ್ಕಿನೊಳಗಿನ ನೀರಿನ ಒರತೆಗೆ ಇಳಿದು ಒಂದು ಬುಟ್ಟಿ ಹೂಳು ತೆಗೆದು ದಂಡೆಗೆ ಸುರಿದಳು. ಒಂಬತ್ತು ದಿನವೂ ಹೀಗೇ. ಹಿರಿಯಳಾದ ಸೋನುಬಾಯಿಯನ್ನು ಕೇಳಿದೆ.

"ತೆಗೀಲಿಲ್ಲಂದ್ರ ಹಿರಿಯಾರು ಸಿಟ್ಟಾಗ್ತಾರ್ರಿ ಅಕ್ಕೋರ. ನಮ್ಮತ್ತಿ ತೆಗೀತಿದ್ಲು, ಅಕಿ ಅತ್ತಿನೂ ತೆಗೀತಿದ್ಲು. ಎಲಿ ಏನು ಪುಕ್ಕಟ ಬರ್ತೈತೇನು?"

ಹಿಂದಿನಿಂದ ಒಬ್ಬಳು: "ಅಕ್ಕೋರೂ ಒಂದು ಬುಟ್ಟಿ ತೆಗೀಲಿ ಬಿಡು. ದಿನಾ ನಮ್ಮ ಗಿಡದ ನೆರಳಿಗೆ ಕುಂತು ಬರೀತಾರ!"

ಎಲ್ಲರೂ ನಕ್ಕರು. ತೆಗೆದೆ. ಸೊಂಟ ಹಿಡಿಯಿತು.

ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆದೆ. 'ಒಯ್ದದ್ದು' ಪಕ್ಕದಲ್ಲಿ 'ಕೊಟ್ಟದ್ದು'.

೨೧ ನವೆಂಬರ್

ಹೆಸರು ಹೇಳಲು ಹಿಂಜರಿಯುತ್ತಾರೆ. ಬರೆದ ಹೆಸರು ಎಲ್ಲಿಗೆ ಹೋಗುತ್ತದೋ ಎಂಬ ಭಯ. ಶಾಂತಾದೇವಿಗೆ ಫೋನು ಮಾಡಿದೆ.

"ಹೆಸರಿದ್ರನ ಹಕ್ಕು ಉಳೀತೈತಿ ಅಂತ ಹೇಳು ಮಧು. ನಾಳೆ ಹೊಸಾ ಗೇಟ್ ಆದಮ್ಯಾಲ ಯಾರೂ ಅವರನ್ನ ತಡೀಬಾರ್ದಲ್ಲ?"

ಹಾಗೆಯೇ ಹೇಳಿದೆ. ಸೋನುಬಾಯಿ ಮೊದಲು ಹೆಬ್ಬೆಟ್ಟು ಒತ್ತಿದಳು. "ಅಕ್ಕೋರು ಹೇಳ್ಯಾರಂದ್ರ ಆತು." ಆಮೇಲೆ ಉಳಿದವರು. ಹದಿನಾಲ್ಕು ಹೆಸರು.

೩ ಡಿಸೆಂಬರ್

ಶುದ್ಧಪ್ರತಿ ಶಾಂತಾದೇವಿಗೆ ಕೊಟ್ಟೆ. ಮೂವತ್ತೆರಡು ಪುಟ. ಮೂಲ ರಿಜಿಸ್ಟರ್ ನನ್ನಲ್ಲೇ ಇದೆ.

ತಿರುವಿ ಹಾಕಿ ನಕ್ಕಳು. "ನಿಂದು ಯಾವಾಗ್ಲೂ ಪೂರ್ತಿ ಅನುವಾದ. ಮಂದಿಗೆ ಸಂಗ್ರಹ ಸಾಕವ್ವಾ."

ನಮ್ಮ ಹಳೇ ಜಗಳ. ಅಧ್ಯಾಯ ಹಾರಿಸಿದ ಅನುವಾದ ನಾನು ಮುಟ್ಟುವುದಿಲ್ಲ. ಅವಳು ಅಂಥವನ್ನೇ ಕೊಳ್ಳುತ್ತಾಳೆ. ಹೋಗುವಾಗ ನನ್ನ ರಷ್ಯನ್ ಕಾದಂಬರಿ ಒಯ್ದಳು. ಓದುವುದಿಲ್ಲ, ಗೊತ್ತು.

೧೯ ಫೆಬ್ರವರಿ ೨೦೨೫, ಬುಧವಾರ

ಮಂಡಿನೋವು. ಎರಡೂವರೆ ತಿಂಗಳು ಅತ್ತ ಹೋಗಿರಲಿಲ್ಲ. ಇವತ್ತು ಹೋದೆ.

ಹೊಸ ಗೇಟು, ಬೀಗ. ಉದ್ಘಾಟನೆ ಭಾನುವಾರ. ಗೇಟಿನ ಪಕ್ಕ ದೊಡ್ಡ ಬೋರ್ಡು. ಅದರ ಮುಂದೆ ಸೋನುಬಾಯಿ.

"ಬರ್ರಿ ಅಕ್ಕೋರ! ನಮ್ಮ ಹೆಸರು ಹಾಕ್ಯಾರಂತಲ್ರಿ? ನಂದು ಯಾವುದು, ತೋರಸ್ರಿ."

ಓದಿದೆ. 'ಉದ್ಯಾನಕ್ಕೆ ಹಾನಿ ಮಾಡುವವರೆಂದು ಸಮೀಕ್ಷೆಯಲ್ಲಿ ಗುರುತಿಸಲಾದ ಈ ಕೆಳಗಿನವರಿಗೆ ಪ್ರವೇಶ ನಿಷೇಧಿಸಲಾಗಿದೆ.' ಹದಿನಾಲ್ಕು ಹೆಸರು. ನಾನು ಬರೆದ ಕ್ರಮದಲ್ಲೇ. ಕೊನೆಗೆ — ಸಮೀಕ್ಷೆ: ಮಧುಮತಿ, ನಿವೃತ್ತ ಶಿಕ್ಷಕಿ.

ಮೊದಲ ಹೆಸರಿನ ಮೇಲೆ ಬೆರಳಿಟ್ಟೆ. ಇದು, ಎಂದೆ.

ಅವಳೂ ಅದರ ಮೇಲೆ ಬೆರಳಾಡಿಸಿದಳು. "ಎಲ್ಲಾರ್‌ಗಿಂತ ಮ್ಯಾಲ ಐತಲ್ರಿ ನಂದು! ಶನಿವಾರ ಲೀನಾ ಬರ್ತಾಳ ಮುಂಡಗೋಡ ಹಾಸ್ಟೆಲಿಂದ. ಅಕಿ ಕಡೆ ಇಲ್ಲೇ ಒಂದು ಫೋಟೋ ತೆಗಿಸ್ಕೋತೇನಿ."

ಲೀನಾ ಮಗಳು. ಪಿಯುಸಿ ಎರಡನೇ ವರ್ಷ.

"ಮ್ಯಾಲ ದಪ್ಪ ಅಕ್ಷರದಾಗ ಏನು ಬರದಾರ್ರಿ?"

ಪಾರ್ಕಿನ ಹೆಸರು ಎಂದೆ.

೨೦ ಫೆಬ್ರವರಿ

ಟ್ರಸ್ಟ್ ಆಫೀಸು. ಮುದ್ರಿತ ವರದಿ ಶಾಂತಾದೇವಿಯ ಮೇಜಿನ ಮೇಲಿತ್ತು. ನನ್ನ ಕೋಷ್ಟಕ ಇದೆ. 'ಒಯ್ದದ್ದು' ಇದೆ, ತಲೆಬರಹ ಮಾತ್ರ 'ಹಾನಿ'. 'ಕೊಟ್ಟದ್ದು' ಇಲ್ಲ. ಒಂದು ಬುಟ್ಟಿಯೂ ಇಲ್ಲ.

"ಅನುದಾನದ ಫಾರ್ಮಿನ್ಯಾಗ ಅದಕ್ಕ ಜಾಗಾನ ಇಲ್ಲ ಮಧು. ಪಾರ್ಕಿಗೆ ಏನು ತೊಂದ್ರಿ ಅಂತ ಕೇಳ್ತಾರ, ಅಷ್ಟ."

"ಮತ್ತ ಬೋರ್ಡು?"

"ಅದು ಕಮಿಟಿದು. ನಾ ಒಬ್ಬಾಕಿ ಏನು ಮಾಡ್ಲಿ?"

"ಕರಡು ನೀ ನೋಡಿದ್ದಿಲ್ಲೋ?"

ಚಹಾದ ಕಪ್ಪು ನನ್ನ ಕಡೆ ತಳ್ಳಿದಳು. "ನೋಡಿದ್ದೆ."

"ಹಕ್ಕು ಉಳೀತೈತಿ ಅಂದಿದ್ದಿ."

"ಆವಾಗ ಖರೇನ ಹಂಗ ಅನಿಸಿತ್ತು. ಈಗ ಅದನ್ನ ಹಿಡಕೊಂಡು ಕೂಡಬ್ಯಾಡ. ಹೋಗಿ ಸಸಿ ನೋಡು, ಎಷ್ಟು ಛಲೋ ಚಿಗತಾವು." ಎದ್ದು ಹೊರಟೆ. ಬಾಗಿಲಿನವರೆಗೂ ಬಂದಳು. "ಆ ಮೂಲ ರಿಜಿಸ್ಟರ್ ನಾಳೆ ತಂದುಕೊಡು. ಟ್ರಸ್ಟಿಂದದು."

ಬೇರೆ ಯಾರೇ ಕೇಳಿದ್ದರೂ ಆ ಹೆಂಗಸರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಅದಕ್ಕೇ ನನ್ನನ್ನು ಕರೆದಳೇ? ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು. ಕರಡು ಓದಿದ್ದಳು, ನನಗೆ ಹೇಳಲಿಲ್ಲ — ಇದು ಗೊತ್ತು.

ನಾನು ಬೋರ್ಡು ಓದಿದ್ದೆ, ಸೋನುಬಾಯಿಗೆ ಹೇಳಲಿಲ್ಲ. ಇದೂ.

೨೧ ಫೆಬ್ರವರಿ, ಶುಕ್ರವಾರ. ಮಧ್ಯಾಹ್ನ ೩

ಶಾಂತಾದೇವಿಯ ಫೋನು, ಎರಡು ಸಲ. ಎತ್ತಲಿಲ್ಲ.

ಹಿಂದಿನ ಬೇಲಿಯ ಬಳಿ ಹೋಗಿ ಬಂದೆ. ಒರತೆ ಕಾಣುತ್ತದೆ. ಮೇಲೆಲ್ಲ ಎಲೆ ಕೊಳೆತು ಕಪ್ಪಾಗಿದೆ. ಬೀಗ ಬಿದ್ದು ಹನ್ನೆರಡು ದಿನವಂತೆ.

ರಿಜಿಸ್ಟರ್ ಆಫೀಸಿಗೆ ಕೊಡುವುದಿಲ್ಲ.

ನಾಳೆ ಬೆಳಿಗ್ಗೆ, ಲೀನಾಳ ಬಸ್ಸು ಬರುವ ಮುನ್ನ, ಸೋನುಬಾಯಿಯ ಮನೆಗೆ. ಮೊದಲು ಬೋರ್ಡಿನ ಮೇಲಿನ ಸಾಲು, ಒಂದು ಪದವೂ ಬಿಡದೆ. ಆಮೇಲೆ ಬುಧವಾರದ ನನ್ನ ಸುಳ್ಳು. ಆಮೇಲೆ ರಿಜಿಸ್ಟರ್ — ಎರಡೂ ಕಾಲಂ, ಹದಿನಾಲ್ಕೂ ಹೆಸರು. ಭಾನುವಾರ ಅದನ್ನು ಗೇಟಿನ ಮುಂದೆ ಓದಬೇಕೋ ಬೇಡವೋ, ಅವರೇ ಹೇಳಲಿ.

ಒಳಗೆ ಕರೆಯದಿರಬಹುದು. ಆಗ ಅಂಗಳದಲ್ಲೇ ನಿಂತು —