ನಿನ್ನ ಡಬ್ಬಿ, ನನ್ನ ಕಾರ್ಡು

ಬಿಡದಿ
14-9-2008

ಶಬ್ನಮ್‌ಗೆ,

ಶಬ್ಬೂ ಎಂದು ಕರೆಯುವಷ್ಟು ನನ್ನ ಕೋಪ ಇಳಿದಿಲ್ಲ. ಸದ್ಯಕ್ಕೆ ಇಷ್ಟಕ್ಕೇ ತೃಪ್ತಿಪಡು.

ಕಾರ್ಖಾನೆಯ ಪಾಳಿ ಮುಗಿಸಿ ಹಾಸ್ಟೆಲ್ಲಿಗೆ ಬಂದರೆ ನಿನ್ನ ಕಾಗದ. ಹೇಗಿದ್ದೀಯ ಎಂಬ ಒಂದು ಮಾತೂ ಇಲ್ಲ. 'ಸೋತಿದ್ದೀಯ, ಮೆಮೊರಿ ಕಾರ್ಡ್ ಕಳಿಸು' ಎಂಬ ಹುಕುಂ ಬೇರೆ. ಸೋತವರು ಯಾರು? ನಾವಿಬ್ಬರೂ ಎರಡು ವರ್ಷ ಆಡಿದ ಆ ಕೋಟೆ ಆಟ, ನಿಮ್ಮ ಅಕ್ರಮ್ ಅಣ್ಣ ದುಬೈನಿಂದ ತಂದ ಪ್ಲೇಸ್ಟೇಷನ್ನಿನಲ್ಲಿ ಮಾತ್ರ ಇದೆ, ಬೇರೆಲ್ಲೂ ಇಲ್ಲ ಎಂದು ಪಂಥ ಕಟ್ಟಿದವಳು ನೀನು. ಸೋತವರು, ನಾವು ಆಡಿದ್ದೆಲ್ಲ ಉಳಿದಿರುವ ಆ ಕಾರ್ಡ್ ಬಿಟ್ಟುಕೊಡಬೇಕು ಎಂದವಳೂ ನೀನೇ. ಕನಕಪುರದ ಸೈಬರ್ ಸೆಂಟರಿನಲ್ಲಿ ಅದೇ ಆಟ ಕಂಪ್ಯೂಟರಿನಲ್ಲಿ ಓಡುವುದನ್ನು ನಾನು ಕಣ್ಣಾರೆ ಕಂಡು ಬಂದೆ. ಅಲ್ಲಿಗೆ ಮುಗಿಯಬೇಕಿತ್ತು.

ನೀನು ಬಿಟ್ಟೀಯಾ? 'ಕಂಪ್ಯೂಟರಿಗೆ ಬಂದದ್ದು ಈಚೆಗೆ. ಅಲ್ಲಿಯವರೆಗೆ ನಮ್ಮದರಲ್ಲಿ ಮಾತ್ರ ಇತ್ತಲ್ಲ' ಎಂದೆ. ಆಮೇಲೆ 'ಅದರ ಚಿತ್ರ ಮಸುಕು, ಅದು ಬೇರೆಯೇ ಆಟ' ಎಂದೆ. ಮಾತ್ರ ಎಂದರೆ ಮಾತ್ರ ಕಣೇ. ನಮ್ಮ ಕುದೂರಿಗೆ ಬೆಳಿಗ್ಗೆ ಒಂದೇ ಬಸ್ಸು ಎಂದು ಹೇಳಿ, ಎರಡನೆಯದು ಎದುರಿಗೆ ಬಂದು ನಿಂತಾಗ 'ಇದು ಈಚೆಗೆ ಶುರುವಾದದ್ದು, ಲೆಕ್ಕಕ್ಕಿಲ್ಲ' ಎಂದರೆ ಯಾರಾದರೂ ಒಪ್ಪುತ್ತಾರಾ?

ಸಾಲದ್ದಕ್ಕೆ ತೀರ್ಪು ಕೇಳಲು ನಿಮ್ಮ ಅಬ್ಬಾನ ಹತ್ತಿರ ನನ್ನನ್ನು ಎಳೆದುಕೊಂಡು ಹೋದೆ. ಡಿಪ್ಲೊಮಾ ಓದಿದ ಮೂರು ವರ್ಷವೂ ನಿಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದು, ಕೆಳಗೆ ಚಾಚಾ ಗೊಂಬೆ ಕಡೆಯುವ ಸದ್ದಿಗೇ ಎದ್ದವಳು ನಾನು. ಅವರು ನಿನ್ನ ಪರ ಮಾತಾಡಿದ್ದು ನನಗೆ ಉರಿಯಿತು. "ತಲೆ ಆಡ್ಸೋ ಬಾತುಕೋಳಿ ಮೊದ್ಲು ಕಡ್ದಿದ್ದು ನಾನು. ಈಗ ಬೀದೀಲೆಲ್ಲಾ ಮಾಡ್ತವ್ರೆ. ಆದ್ರೂ ಅದು ನಮ್ದೇ ಅಲ್ವಾ ಮಗಾ?" ಎಂದರು.

"ಎಂಗ್ ನಿಮ್ದಾಯ್ತದೆ ಚಾಚಾ? ಬಸ್‌ಸ್ಟ್ಯಾಂಡಲ್ಲಿ ಚೀನಾದ ಪ್ಲಾಸ್ಟಿಕ್ ಬಾತುಕೋಳೀನೂ ತಲೆ ಆಡಿಸ್ತೈತೆ" ಎಂದುಬಿಟ್ಟೆ.

ಹೌದು, ಅಂದೆ. ವಾದಕ್ಕೆ ಅಂದ ಮಾತು. ಚಾಚಾ ಯಂತ್ರ ನಿಲ್ಲಿಸಿ ಕೈ ತೊಳೆಯಲು ಎದ್ದರು, ಊಟಕ್ಕಿನ್ನೂ ಹೊತ್ತಿತ್ತು. ಅದನ್ನು ನಾನೂ ನೋಡಿದೆ, ನೀನೊಬ್ಬಳೇ ಅಲ್ಲ. ಆದರೆ ನೀನು "ಬಾಡಿಗೇಗ್ ಬಂದೋಳು ಬಾಡಿಗೇವ್ಳಂಗಿರು" ಎಂದೆಯಲ್ಲ, ಅದು ಯಾವ ವಾದಕ್ಕೆ? ನಿಮ್ಮ ಅಮ್ಮಿ ಮೂರು ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಡಿಸಿದ್ದು ಬಾಡಿಗೆಗಾ? ಅದಕ್ಕೇ ಕಾರ್ಡ್ ಕಿತ್ತುಕೊಂಡು ಬಂದೆ.

ಕಾರ್ಡ್ ನಾನು ಕೊಂಡದ್ದು, ಕೊಡುವುದಿಲ್ಲ. ಆ ಪ್ಲೇಸ್ಟೇಷನ್ ಡಬ್ಬಿ ನಿನ್ನದು, ನೀನೇ ಇಟ್ಟುಕೋ. ಕಾರ್ಡಿಲ್ಲದೆ ದಿನವೂ ಮೊದಲಿನಿಂದ ಶುರುಮಾಡು. ಇನ್ನು ಮುಂದೆ ಕಾಗದ ಬರೆಯಬೇಡ.

ಪಂಥ ಗೆದ್ದವಳು,
ಧನುಶ್ರೀ

ಇನ್ನೊಂದು ಮಾತು: ಕನಕಪುರದಿಂದ ಆ ಆಟದ ಸಿ.ಡಿ. ತಂದು ಒಂದು ತಿಂಗಳಾಯಿತು. ರೂಮಿನ ಭಾನುಪ್ರಿಯಳ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ನಮ್ಮ ಕಾರ್ಡಿನಲ್ಲಿರುವುದನ್ನು ಅದು ಓದುವುದಿಲ್ಲ, ಮೊದಲಿನಿಂದ ಆಡಿದೆ. ಕುಸಿಯುವ ಸೇತುವೆಯ ಹತ್ತಿರ ಹನ್ನೊಂದು ಸಲ ಬಿದ್ದೆ. ಅಲ್ಲಿಗೆ ಬಂದಾಗಲೆಲ್ಲ ನಾನು ರಿಮೋಟ್ ನಿನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದೆನಲ್ಲ. ನಾವು ಆಡಿದ ಆಟ ನಿಮ್ಮ ಮನೆಯಲ್ಲಿ ಮಾತ್ರ ಇದೆ. ಮಾತ್ರ ಎಂದೇ ಬರೆದಿದ್ದೇನೆ, ಓದಿಕೋ. ಕಾರ್ಡ್ ಈ ಲಕೋಟೆಯಲ್ಲೇ ಇದೆ. ಬಾತುಕೋಳಿ ಚಾಚಾರದೇ. ಅದನ್ನು ನೀನು ಹೇಳಬೇಡ, ಬರುವ ಭಾನುವಾರ ನಾನೇ ಬಂದು ಹೇಳಬೇಕು. ಬಾಗಿಲು ತೆಗಿ ಶಬ್ಬೂ.