ಮೂರನೇ ಕೈ

ನವೆಂಬರ್ 4, ರಾತ್ರಿ ಒಂದೂವರೆ

ಮತ್ತೆ ಫೋನಲ್ಲಿ ಡೈರಿ ರೆಕಾರ್ಡ್ ಮಾಡ್ತಿದೀನಿ. ಟೈಪ್ ಮಾಡೋಷ್ಟು ತಾಳ್ಮೆ ಇಲ್ಲ. ಅದೇ ಬಗ್. ಫಿಂಗರ್‌ಪ್ರಿಂಟ್ ಮಷೀನಿನ ಡ್ರೈವರ್‌ದು, ಅದನ್ನ ಕಂಪ್ಯೂಟರ್ ಜೊತೆ ಮಾತಾಡ್ಸೋ ಸಾಫ್ಟ್‌ವೇರ್‌ದು. ಬೆರಳು ಓದ್ತಿರೋವಾಗ ವೈರ್ ಕಿತ್ರೆ, ಡ್ರೈವರ್ ತನ್ನ ಮೆಮೊರಿ ಬಿಟ್ಕೊಟ್ಟು ಹೋಗುತ್ತೆ. ಓದ್ತಿರೋ ಪ್ರೋಗ್ರಾಮ್‌ಗೆ ಗೊತ್ತೇ ಇಲ್ಲ, ಖಾಲಿಯಾದ ಜಾಗಕ್ಕೇ ಕೈ ಹಾಕುತ್ತೆ. ಅಲ್ಲಿ ಯಾವನಾದ್ರೂ ಕಳ್ಳ ತನ್ನ ಕೋಡ್ ಇಟ್ಟಿದ್ರೆ... ಇಡೀ ಕಂಪ್ಯೂಟರ್ ಅವನದು. ಶುಕ್ರವಾರ ಫಿಕ್ಸ್ ಕೊಡ್ಬೇಕು. ಪ್ರೊಬೇಷನ್ ಮುಗಿಯೋದೂ ಅವತ್ತೇ.

ಸರಿ ಮಾಡ್ಬೇಕಂದ್ರೆ ಮೊದ್ಲು ಬಗ್‌ನ ಬೇಕಂತ್ಲೇ ಬರ್ಸಿ ನೋಡ್ಬೇಕು, ಬರ್ಸೋಕೆ ಮೂರು ಕೈ ಬೇಕು. ಒಂದು ಬೆರಳಿಡೋಕೆ, ಒಂದು ಕೀ ಒತ್ತೋಕೆ, ಇನ್ನೊಂದು ಅದೇ ಹೊತ್ತಿಗೆ ಹಿಂದ್ಗಡೆ ವೈರ್ ಕೀಳೋಕೆ. ರೂಮ್‌ಮೇಟ್ ರೇವಂತ್ ಇದ್ದಾಗ ಅವ್ನು ಕೀಳ್ತಿದ್ದ. "ಮಗಾ, ಎಂಜಿನಿಯರಿಂಗ್ ಓದಿ ವೈರ್ ಕೀಳೋ ಕೆಲ್ಸ ಆಯ್ತಲ್ಲೋ" ಅಂತಿದ್ದ. ಈಗ ಬೆಂಗಳೂರಿನ ಆ ಕಡೆ, ಬಿಟಿಎಂಗೆ ಶಿಫ್ಟ್ ಆಗಿದಾನೆ. ಕರೆದ್ರೆ, "ಟ್ರಾಫಿಕ್ ಗುರು, ವೀಕೆಂಡ್ ನೋಡೋಣ."

ಕಾಲ್ಬೆರಳಲ್ಲಿ ಕೀಳ್ತಿದೀನಿ. ಯಾವಾಗ್ಲೋ ಒಂದ್ಸಲ ಕ್ರ್ಯಾಶ್ ಆಗುತ್ತೆ.

ನವೆಂಬರ್ 5

ಕೋಡ್ ಸ್ವಲ್ಪ ತಿದ್ದಿ, ಎಲ್ಲಿ ಎಡವುತ್ತೆ ನೋಡೋಣ ಅಂತ ಒಂದು ಪ್ರಿಂಟ್ ಲೈನೂ ಹಾಕ್ದೆ, ಕೋಡ್ ಎಲ್ಲಿವರೆಗೆ ಬಂತು ಅಂತ ಸ್ಕ್ರೀನ್ ಮೇಲೆ ತೋರ್ಸೋ ಸಾಲು. ಕ್ರ್ಯಾಶೇ ಇಲ್ಲ! ಆಫೀಸ್‌ಗೆ ಕಳಿಸ್ಬಿಟ್ಟೆ. ಸಖತ್ ಖುಷಿ. ಹೇಳೋಕೆ ಯಾರೂ ಇಲ್ಲ... ಫೋನಿಗೇ ಹೇಳ್ತಿದೀನಿ.

ನವೆಂಬರ್ 6

ಟೀಮ್ ಲೀಡ್ ನಚಿಕೇತ ಸಾರ್ ಫೋನ್.

"ಸೋಮನಾಥ್, ಪ್ರಿಂಟ್ ಲೈನ್ ತೆಗ್ದು ಟೆಸ್ಟ್ ಮಾಡಿದ್ರಾ?"

ಮಾಡಿರ್ಲಿಲ್ಲ.

"ಪ್ರಿಂಟ್ ಆಗೋಷ್ಟು ಹೊತ್ತು ತಡ ಆಗುತ್ತಲ್ರೀ, ಟೈಮಿಂಗ್ ತಪ್ಪಿ ಬಗ್ ಕಾಣಿಸ್ತಿಲ್ಲ. ಹೋಗಿಲ್ಲ ಅದು. ನಾಳೆ ಆಗ್ಲಿಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತೀನಿ."

ಬೇರೆಯವ್ರಿಗೆ ಕೊಟ್ರೆ ನನ್ ಕೆಲ್ಸ ಅಷ್ಟೇ.

ನವೆಂಬರ್ 7

ಮೇಲ್ಗಡೆ ಇರೋ ನಮ್ಮನೆ ಓನರ್ ಉಮಾಮಹೇಶ್ವರಿ ಆಂಟೀನ ಕರೆದೆ. ಇಟ್ಟಮಡುಗೆ, ಈ ಮನೆಗೆ ಬಂದು ವರ್ಷ ಆಯ್ತು, ನೀರು ಬಂತಾ ಅನ್ನೋದು ಬಿಟ್ರೆ ಮಾತೇ ಆಡಿರ್ಲಿಲ್ಲ. ಚಪಾತಿ ಹಿಟ್ಟಿನ ಕೈಯಲ್ಲೇ ಬಂದ್ರು.

"ಶಾಕ್ ಹೊಡೆಯಲ್ಲ ತಾನೆ?"

"ಇಲ್ಲ ಆಂಟಿ. ನಾನು ಹಾಂ ಅಂದ ತಕ್ಷಣ ಕೀಳಿ."

ಕಿತ್ರು. ಸ್ಕ್ರೀನ್ ಅಲ್ಲೇ ನಿಂತೋಯ್ತು.

"ಅಯ್ಯೋ, ಕೆಡಿಸ್ಬಿಟ್ನಾ?"

"ಸೂಪರ್ ಆಂಟಿ! ಇನ್ನೊಂದ್ಸಲ!"

"ಏನ್ ಹುಡುಗನಪ್ಪಾ... ಕೆಟ್ಟೋದ್ರೆ ಕುಣೀತಾನೆ."

ಸಾಯಂಕಾಲದವರೆಗೂ ಕಿತ್ರು. ಮೆಮೊರಿನ ಹಿಡ್ಕೊಂಡಿರೋರೆಲ್ಲಾ ಕೈ ಬಿಡೋವರೆಗೂ ಡ್ರೈವರ್ ಅದನ್ನ ಬಿಟ್ಕೊಡಬಾರ್ದು, ಹಾಗೆ ಬರೆದೆ. ಪ್ರಿಂಟ್ ತೆಗ್ದೆ. ಎಷ್ಟ್ ಕಿತ್ರೂ ಅಲ್ಲಾಡ್ಲಿಲ್ಲ.

ಪ್ಯಾಚ್, ಅಂದ್ರೆ ತಿದ್ದಿದ ಕೋಡ್ ಕಳ್ಸೋವಾಗ ಕೊನೇಲಿ ಟೆಸ್ಟ್ ಮಾಡಿದವ್ರ ಹೆಸ್ರು ಹಾಕೋದು ನಮ್ಮಲ್ಲಿ ಪದ್ಧತಿ. ಆಂಟೀನ ಕೇಳಿ ಅವ್ರ ಹೆಸ್ರೇ ಹಾಕ್ದೆ. ಸಾರ್ ಮೆಸೇಜ್ ಮಾಡಿದ್ರು — "ಫಿಕ್ಸ್ ಸರಿ ಇದೆ. ಉಮಾಮಹೇಶ್ವರಿ ಯಾವ ಟೀಮು?"

ನವೆಂಬರ್ 15, ಸಂಜೆ

ಕೆಲ್ಸ ಪರ್ಮನೆಂಟ್. ರೇವಂತ್‌ಗೆ ಮೆಸೇಜ್ ಹಾಕ್ದೆ, ಹೆಬ್ಬೆಟ್ಟಿನ ಇಮೋಜಿ ಕಳಿಸ್ದ. ಅಷ್ಟೇ. ಹೊಸ ಬಗ್ ಕೊಟ್ಟಿದಾರೆ. ಇದಕ್ಕೆ ವೈರ್ ಬೇಡ, ಒಬ್ನೇ ಸಾಕು. ಮನೆಯಿಂದಾನೇ ಕೆಲ್ಸ... ವಾರದಿಂದ ಅಂಗಡಿಯವನ ಜೊತೆ ಬಿಟ್ರೆ ಮಾತಿಲ್ಲ.

ಈಗ್ ತಾನೆ ಆಂಟಿ ಮೇಲಿಂದ ಕೂಗಿದ್ರು, "ಸೋಮೂ, ಇವತ್ತೇನಾದ್ರೂ ವೈರ್ ಕೀಳೋದಿದ್ಯಾ?"

ಇಲ್ಲ ಅನ್ಬೇಕಿತ್ತು.

"ಇದೆ ಆಂಟಿ!" ಅಂದ್ಬಿಟ್ಟೆ.

ಹಳೇ ಮಷೀನ್ ಡಬ್ಬದಿಂದ ತೆಗ್ದು ವೈರ್ ಚುಚ್ಚಿದೀನಿ. ಬೆರಳಿಟ್ಕೊಂಡು ಕೂತಿದೀನಿ. ಮೆಟ್ಲಲ್ಲಿ ಚಪ್ಪಲಿ ಸದ್ದು —