ಮೂವತ್ತೊಂದು ಚೂರುಗಳ ಹುಟ್ಟೂರು

ಸೋಮವಾರ, ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿ,

ಕೈಪಟ್ಟಿ ತಲುಪಿತು, ಪಾಪು ಅತ್ತಾಗ ಮಣಿಕಟ್ಟಿನಲ್ಲಿ ನಡುಗಿತು ಎಂದು ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಹುಟ್ಟಿದಾಗಿನಿಂದ ಒಂದು ಸದ್ದೂ ಕೇಳದ ನೀನು, ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿದೆಯೆಂದು ಎದ್ದು ಓಡಿದೆಯಂತೆ! ನನ್ನ ರೇಡಿಯೋ ರಿಪೇರಿ ಮೇಜಿನ ಮೇಲೆ ಬೆಸುಗೆ ಹಾಕಿದ ವಸ್ತು ಅದು ಎಂದು ನನಗೇ ನಂಬಿಕೆ ಬರುತ್ತಿಲ್ಲ.

ಯಾಕೆ ಎರಡು ತಿಂಗಳು ತಡ ಎಂದು ಕೇಳಿದ್ದೀಯ. ಮೊದಲ ಸಲ ಪಾರ್ಸೆಲ್ ನಿಮ್ಮ ದೇಶದ ಬಾಗಿಲು ಮುಟ್ಟಿ ವಾಪಸ್ ಬಂತು. ಚಿಕ್ಕ ಪೊಟ್ಟಣಗಳಿಗಿದ್ದ ಸುಂಕದ ವಿನಾಯಿತಿ ಅಲ್ಲಿ ರದ್ದಾಗಿದೆಯಂತೆ. ಈಗ ವಸ್ತು ಯಾವ ಬಗೆಯದು, ಒಳಗಿನ ಒಂದೊಂದು ಭಾಗ ಎಲ್ಲಿ ತಯಾರಾದದ್ದು, ಎಲ್ಲ ಬರೆದುಕೊಡಬೇಕು.

ಪಾರ್ಸೆಲ್ ಕಚೇರಿಯ ಸುಂಕದ ಮೇಜಿನ ಮೇಡಂ ಕನ್ನಡಕದ ಮೇಲಿಂದ ನೋಡಿ, "ಇದೇನಮ್ಮಾ, ಗಡಿಯಾರಾನಾ, ಆಟದ ಸಾಮಾನಾ? ಒಂದೊಂದಕ್ಕೂ ಒಂದೊಂದು ಸುಂಕ," ಅಂದರು.

"ಕಿವಿ," ಅಂದೆ.

"ಈ ಪುಸ್ತಕದಲ್ಲಿ ಕಿವಿ ಅಂತ ಇಲ್ಲ."

ಬಾಯಿಮಾತು ಸಾಲದೆಂದು ಕೈಪಟ್ಟಿಯನ್ನು ಅವರ ಕೈಗೇ ಕಟ್ಟಿದೆ. ಸಾಲಿನಲ್ಲಿದ್ದ ಯಾರದೋ ಕೂಸು ಚೀರಿತು. ಪಟ್ಟಿ ನಡುಗಿತು. ಅವರು ಆ ಕೈಯನ್ನು ಎದೆಗೊತ್ತಿಕೊಂಡರು. ಆಮೇಲೆ ಕುರ್ಚಿ ಎಳೆದು, "ಕೂತ್ಕೊಳ್ಳಿ. ಕಿವಿ ಕೇಳದವರ ಸಲಕರಣೆ ಅಂತ ಒಂದು ಸಾಲಿದೆ, ಅದರಲ್ಲಿ ಬರೆಯೋಣ," ಅಂದರು.

ಮನೆಗೆ ಬಂದು ಕೈಪಟ್ಟಿ ಬಿಚ್ಚಿ ಒಳಗಿನ ಭಾಗಗಳಿಗೆ ಭೂತಗನ್ನಡಿ ಹಿಡಿದೆ. ಒಟ್ಟು ಮೂವತ್ತೊಂದು ಚೂರು. ಸಾಸಿವೆಕಾಳಿನಷ್ಟು ಚಿಕ್ಕದರ ಮೇಲೂ ಅಕ್ಷರ! ಅಂಗಡಿಗಳಿಗೆ, ಕಾರ್ಖಾನೆಗಳಿಗೆ ಬರೆದು ಬರೆದು ಒಂದೊಂದರ ಹುಟ್ಟೂರು ಹುಡುಕಿದೆ. ಹನ್ನೊಂದು ದೇಶ ಕಣೇ! ಮೈಕು ಯಾವುದೋ ದ್ವೀಪದ್ದು. ನಡುಗುವ ಮೋಟಾರು ಮೂರು ಗಡಿ ದಾಟಿ ಬಂದದ್ದು. ಸಿಟ್ಟಿನಿಂದ ಶುರುಮಾಡಿದ ಕೆಲಸ, ಮುಗಿಸುವಾಗ ಮೈ ಜುಮ್ಮೆಂದಿತು. ಮುಖ ಕಾಣದ ಅಷ್ಟೊಂದು ಜನ ಮುಟ್ಟಿದ್ದನ್ನು ಇಷ್ಟು ವರ್ಷ ಡಬ್ಬಿಯಲ್ಲಿ ತುಂಬಿಟ್ಟು ಬರೀ 'ಸಾಮಾನು' ಅನ್ನುತ್ತಿದ್ದೆನಲ್ಲ!

ಫಾರಂ ಹದಿನಾಲ್ಕು ಹಾಳೆಯಾಯಿತು, ಪಾರ್ಸೆಲ್‌ಗಿಂತ ಕಾಗದವೇ ಭಾರ. ಮೇಡಂ ಠಸ್ಸೆ ಒತ್ತಿ, "ಪಾಪು ಚೆನ್ನಾಗಿ ಅಳಲಿ ಅಂತ ಹೇಳಿಬಿಡಿ," ಅಂದರು. ಹೇಳಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಇಂಥದೇ ಇನ್ನೊಂದು ಮಾಡಿ ನಾನೂ ಕಟ್ಟಿಕೊಂಡಿದ್ದೇನೆ. ನನ್ನ ಎಡಗಿವಿ ಹೋಗಿದೆ. ಬಲಗಿವಿ ಕೇಳುವುದು ಇನ್ನೊಂದೇ ವರ್ಷ ಅಂದಿದ್ದಾರೆ ಡಾಕ್ಟರು. ಚಿಕ್ಕಂದಿನಲ್ಲಿ ನಿನ್ನ ಕೈಭಾಷೆ ಕಲಿಯೆಂದು ಅಮ್ಮ ಗೋಗರೆದರೂ ಏನೇನೋ ನೆಪ ಹೇಳಿ ತಪ್ಪಿಸಿಕೊಂಡವಳು ನಾನು. ಈಗ ಕಲಿಸುತ್ತೀಯಾ? 'ತಂಗಿ' ಅನ್ನಲು ಕೈ ಹೇಗೆ ಹಿಡಿಯಬೇಕು, ಮೊದಲು ಅದರ ಚಿತ್ರ ಬರೆದು ಕಳಿಸು.